ಬಳ್ಳಾರಿ ಸೀಮೆಯ ಗೌಡರ ಮನೆ: ಇತಿಹಾಸಕಾರರ ಅಲಕ್ಷ್ಯವನ್ನು ಕುರಿತು ಒಂದು ವಿಮರ್ಶೆ

1

ಬಳ್ಳಾರಿ ಸೀಮೆಯ ಇತಿಹಾಸವನ್ನು ಬರೆದವರು ಕಲ್ಲಿನ ಮೇಲೆ ಕಣ್ಣಿಟ್ಟು ಮಣ್ಣನ್ನು ಮರೆತರು ಎಂದರೆ ಅತಿಶಯೋಕ್ತಿಯಾಗಲಾರದು. ಜಾನ್ ಕೆಲ್ಸಾಲನು 1872ರಲ್ಲಿ ಈ ಜಿಲ್ಲೆಯ ಕೈಪಿಡಿಯನ್ನು ಹೊರತಂದನು. ರಾಬರ್ಟ್ ಸೂವೆಲನು ಮದ್ರಾಸ್ ಆಧಿಪತ್ಯದ ಪ್ರಾಚೀನಾವಶೇಷಗಳ ಪಟ್ಟಿಯ ಮೊದಲ ಸಂಪುಟವನ್ನು 1882ರಲ್ಲಿ ಪ್ರಕಟಿಸಿದನು. ಅಲೆಗ್ಸಾಂಡರ್ ರೀ 1896ರಲ್ಲಿ ಬಳ್ಳಾರಿ ಜಿಲ್ಲೆಯ ಚಾಲುಕ್ಯ ದೇವಾಲಯಗಳ ನಕ್ಷೆಗಳನ್ನು ಅಂಗುಲದ ಲೆಕ್ಕದಲ್ಲಿ ತೆಗೆದು ಅಚ್ಚುಕಟ್ಟಾದ ಗ್ರಂಥವನ್ನು ರಚಿಸಿದನು. ಡಬ್ಲ್ಯು. ಫ್ರಾನ್ಸಿಸನ ಗೆಜೆಟಿಯರು 1904ರಲ್ಲಿ ಬಂದಿತು. ಈ ನಾಲ್ಕೂ ಗ್ರಂಥಗಳಿಗೆ ನಾವು ಋಣಿಗಳು. ಆದರೆ ಇವುಗಳಲ್ಲಿ ರೈತನು ಬಾಳಿದ ಮನೆಗೆ ದೊರೆತಿರುವ ಸ್ಥಾನವೇನು? ಗೆಜೆಟಿಯರಿನಲ್ಲಿ ಮನೆಯ ಮಾತು ಬರುವುದು ಜನರ ಉಡಿಗೆ, ಊಟ, ನಡವಳಿಕೆಗಳ ಸಾಲಿನಲ್ಲಿ; ವಾಸ್ತುವಿನ ಸಾಲಿನಲ್ಲಲ್ಲ. ದೇವಾಲಯಕ್ಕೆ ಇತಿಹಾಸವುಂಟು, ಮನೆಗೆ ಬರಿಯ ರೂಢಿಯುಂಟು ಎಂಬ ಒಂದು ವಿಂಗಡಣೆಯನ್ನು ಆ ಅಧಿಕಾರಿಗಳು ಮಾಡಿಕೊಂಡರು. ಅವರ ತರುವಾಯ ಬಂದ ನಾವು ಅದನ್ನು ಪ್ರಶ್ನಿಸದೆ ಅಂಗೀಕರಿಸಿದೆವು.

ಈ ವಿಂಗಡಣೆಯನ್ನು ವಿಮರ್ಶಿಸುವುದೂ, ಬಳ್ಳಾರಿ, ಕುರುಗೋಡು, ಸಿರುಗುಪ್ಪಗಳ ನಡುವಣ ಹಳ್ಳಿಗಳ ಗೌಡರ ಮನೆಗಳನ್ನು ಐತಿಹಾಸಿಕ ದಾಖಲೆಗಳೆಂದು ಓದುವ ಬಗೆ ಯಾವುದೆಂಬುದನ್ನು ಸೂಚಿಸುವುದೂ ಪ್ರಕೃತ ಲೇಖನದ ಉದ್ದೇಶ.

2

ಅಲಕ್ಷ್ಯದ ಪ್ರಮಾಣವನ್ನು ಅರಿಯಲು ಒಂದು ಹೋಲಿಕೆ ಸಾಕು. ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯಲ್ಲಿ 1963-64ರಲ್ಲಿ ಡಾ. ಎಂ. ಎಸ್. ನಾಗರಾಜರಾಯರು ಉತ್ಖನನ ನಡೆಸಿದರು. ಅದರ ವರದಿಯನ್ನು ಅವರೂ ಕೆ. ಸಿ. ಮಲ್ಹೋತ್ರರೂ ಸೇರಿ 1965ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿನಿಂದ ಪ್ರಕಟಿಸಿದರು. ಕ್ರಿ. ಪೂ. ಎರಡನೆಯ ಸಹಸ್ರಮಾನದ ನವಶಿಲಾಯುಗದ ಜನರು ಆ ಗುಡ್ಡದ ಮೇಲೆ ದುಂಡಾದ ಗುಡಿಸಲುಗಳಲ್ಲಿ ವಾಸವಾಗಿದ್ದರೆಂಬುದು ಅಲ್ಲಿನ ಕಂಬದ ಕುಳಿಗಳಿಂದಲೂ ನೆಲಗಟ್ಟುಗಳಿಂದಲೂ ತಿಳಿದುಬಂದಿತು. ನಾಗರಾಜರಾಯರು ಅಷ್ಟಕ್ಕೇ ನಿಲ್ಲಲಿಲ್ಲ. ಆ ಊರಿನ ಬೋಯ ಜನರ ಬಾಳುವೆಯಲ್ಲಿ ನವಶಿಲಾಯುಗದ ಅಂಶಗಳು ಹೇಗೆ ಉಳಿದು ಬಂದಿವೆ ಎಂಬುದನ್ನು ಪ್ರತ್ಯೇಕ ಪ್ರಬಂಧದಲ್ಲಿ ಚರ್ಚಿಸಿದರು. ಅಗೆದು ತೆಗೆದ ಕುರುಹಿಗೂ ಬದುಕಿರುವ ಜನರ ಬಾಳುವೆಗೂ ನಂಟು ಕಲ್ಪಿಸಿದ ಆ ಕ್ರಮ ನಮ್ಮ ಪ್ರಾಕ್ತನಶಾಸ್ತ್ರದಲ್ಲಿ ಮಾರ್ಗದರ್ಶಕವಾದುದು.

ಈಗ ಅದೇ ತಾಲ್ಲೂಕಿನಲ್ಲಿ ಗುಡ್ಡದಿಂದ ಕೆಳಗಿಳಿದು ಊರೊಳಕ್ಕೆ ಬರೋಣ. ಮೂರೂವರೆ ಸಾವಿರ ವರ್ಷಗಳ ಹಿಂದೆ ಅಳಿದುಹೋದ ಗುಡಿಸಲಿನ ವ್ಯಾಸವನ್ನು ನಾವು ಬಲ್ಲೆವು. ನಮ್ಮ ಮುತ್ತಜ್ಜನ ಕಾಲದಲ್ಲಿ ಕಟ್ಟಿ ಇಂದಿಗೂ ನಿಂತಿರುವ ಮಾಳಿಗೆ ಮನೆಯ ಗೋಡೆಯ ದಪ್ಪವನ್ನು ಅಳೆಯುವ ಗೋಜಿಗೆ ಹೋಗುವುದಿಲ್ಲ. ನೆಲದೊಳಗೆ ಹೂತದ್ದು ವಿದ್ಯೆಯ ವಸ್ತು, ನೆಲದ ಮೇಲೆ ನಿಂತದ್ದು ಅಲ್ಲ ಎಂಬುದು ವಿಚಿತ್ರವಾದ ನ್ಯಾಯ.

3

ಗೌಡರ ಮನೆಯ ಸ್ವರೂಪವನ್ನು ಮೊದಲು ಸಂಗ್ರಹವಾಗಿ ಹೇಳಬೇಕು. ಬೀದಿಯ ಕಡೆಗೆ ಕಿಟಕಿಯಿಲ್ಲದ ಎತ್ತರದ ಗೋಡೆ. ಅದರ ನಡುವೆ ಬಂಡಿಯ ಎತ್ತುಗಳು ಹೊಗುವಷ್ಟು ಅಗಲದ ದೊಡ್ಡ ಬಾಗಿಲು. ಆ ಬಾಗಿಲಿನಲ್ಲಿಯೇ ಒಬ್ಬನು ಬಗ್ಗಿ ನುಸುಳುವಂಥ ದಿಡ್ಡಿ. ಬಾಗಿಲ ಎರಡು ಬದಿಗೂ ಕಲ್ಲಿನ ಕಟ್ಟೆಗಳು. ಒಳಹೊಕ್ಕೊಡನೆ ತಗ್ಗಾದ ನೆಲದಲ್ಲಿ ಗೋದಲಿಯ ಮುಂದೆ ದನಗಳು. ಅಲ್ಲಿಂದ ಒಂದೆರಡು ಮೆಟ್ಟಿಲು ಏರಿದರೆ ಕಂಬಗಳ ಪಡಸಾಲೆ. ಅದರ ಹಿಂದೆ ಅಡುಗೆಮನೆ, ದೇವರ ಮನೆ, ಕಾಳಿನ ಕೋಣೆ. ಬೆಳಕು ಬರುವುದು ಮೇಲಿನ ಗವಾಕ್ಷಿಯಿಂದ. ಜೋಳವನ್ನು ತುಂಬಲು ಅಂಗಳದಲ್ಲಿಯೋ ಊರ ಹೊರಗಿನ ದಿಬ್ಬದಲ್ಲಿಯೋ ಹಗೇವು. ಹಲವು ಊರುಗಳಲ್ಲಿ ಇವೆಲ್ಲಕ್ಕೂ ಕಾವಲೆಂಬಂತೆ ಕಲ್ಲಿನ ಹುಡೇವು ನಿಂತಿದೆ.

ಇದರಲ್ಲಿ ಅತ್ಯಂತ ಗಮನಾರ್ಹವಾದುದು ಮಾಳಿಗೆ. ತೊಲೆಗಳ ಮೇಲೆ ಜಂತಿ, ಜಂತಿಯ ಮೇಲೆ ಕಟ್ಟಿಗೆಯ ಸಿಬಿರು, ಅದರ ಮೇಲೆ ಬಂದರಿಕೆ ಸೊಪ್ಪಿನಂಥ ಹಾಸು, ಆ ಬಳಿಕ ತುಳಿದ ಕೆಸರು, ಎಲ್ಲಕ್ಕೂ ಮೇಲೆ ಕರಲುಮಣ್ಣು. ಬೆಳೆಗೆ ಬಾರದ ಈ ಚೌಳು ಮಣ್ಣನ್ನು ಸೂರಿಗೆ ಆರಿಸಿಕೊಂಡವರ ಅನುಭವ ಸಾಮಾನ್ಯವಾದುದಲ್ಲ. ಅದರಲ್ಲಿರುವ ಸೋಡಿಯಂ ಲವಣದ ದೆಸೆಯಿಂದ ಜೇಡಿಯ ಕಣಗಳು ನೀರು ತಾಗಿದೊಡನೆ ಬಿಡಿಬಿಡಿಯಾಗಿ ಉಬ್ಬಿ, ಸಂದುಗಳನ್ನು ಮುಚ್ಚಿಬಿಡುತ್ತವೆ, ನೀರು ಕೆಳಗಿಳಿಯುವುದಿಲ್ಲ. ಹೊಲದಲ್ಲಿ ಬೇರಿಗೆ ಉಸಿರುಕಟ್ಟಿಸುವ ಗುಣವೇ ಮಾಳಿಗೆಯ ಮೇಲೆ ಮನೆಯನ್ನು ಕಾಯುವ ಗುಣವಾಗುತ್ತದೆ. ವರ್ಷಕ್ಕೆ ಸುಮಾರು 20 ಅಂಗುಲ ಮಳೆ ಬೀಳುವ ಸೀಮೆಗೆ ಇದು ತಕ್ಕ ಸೂರು. ಮಲೆನಾಡಿನ ಮಳೆಗೆ ಇದು ಒಂದು ಮುಂಗಾರನ್ನೂ ತಾಳಲಾರದು.

ಆದರೆ ಈ ಸೂರನ್ನು ಪ್ರತಿ ವರ್ಷವೂ ಮಳೆಗಾಲಕ್ಕೆ ಮುಂಚೆ ನೋಡಿಕೊಳ್ಳಬೇಕು. ಹೊಸ ಮಣ್ಣು ಹಾಕಬೇಕು. ವರ್ಷ ವರ್ಷವೂ ಮಣ್ಣು ಸೇರುತ್ತ ಭಾರ ಹೆಚ್ಚುತ್ತದೆ. ಭಾರ ಹೆಚ್ಚಿದಂತೆ ಜಂತಿ ಬಾಗುತ್ತದೆ. ಆಗ ಹಳೆಯ ಮಣ್ಣನ್ನೆಲ್ಲ ಇಳಿಸಿ, ಹುಳು ಹಿಡಿದ ಮರವನ್ನು ತೆಗೆದು ಬೇರೆ ಮರ ಹಾಕಬೇಕು. ಕುರುಗೋಡಿನಿಂದ ಸಿರುಗುಪ್ಪದ ಕಡೆಗೆ ಹೋಗುವ ಹಾದಿಯ ಹಳ್ಳಿಯೊಂದರಲ್ಲಿ, ಮನೆಯನ್ನು ಯಾವಾಗ ಕಟ್ಟಿದ್ದು ಎಂದು ನಾನು ಕೇಳಿದಾಗ, ಆ ಮನೆಯ ವೃದ್ಧ ಗೃಹಿಣಿ ನನ್ನ ಪ್ರಶ್ನೆಯನ್ನೇ ತಿದ್ದಿದರು. ಮನೆಯೆಂಬುದು ಒಂದು ಸಲ ಕಟ್ಟಿ ಮುಗಿಸುವಂಥದಲ್ಲ, ತಾವು ಸೊಸೆಯಾಗಿ ಬಂದಂದಿನಿಂದಲೂ ಅದನ್ನು ಕಟ್ಟುತ್ತಲೇ ಇದ್ದೇವೆ ಎಂಬುದು ಅವರ ಮಾತಿನ ತಾತ್ಪರ್ಯ. ಕಾಲನಿರ್ಣಯದ ಸಮಸ್ಯೆಯನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳಿದ ಗ್ರಂಥವನ್ನು ನಾನು ಓದಿಲ್ಲ.

4

ಇಂಥ ಮನೆಗಳನ್ನು ಕುರಿತು ಆಗಾಗ ಕೇಳಿಬರುವ ವಿಚಾರಗಳಲ್ಲಿ ಮೂರು ದೋಷಗಳು ಕಂಡುಬರುತ್ತವೆ.

ಮೊದಲನೆಯದು ಬಾಗಿಲನ್ನು ನೋಡಿ ಮನೆಯ ಕಾಲವನ್ನು ಹೇಳುವುದು. ಗಜಲಕ್ಷ್ಮಿಯ ಪಟ್ಟಿಕೆಯೋ ಬಳ್ಳಿಯ ಕೆತ್ತನೆಯೋ ಕಂಡೊಡನೆ ಮನೆಯು ವಿಜಯನಗರ ಕಾಲದ್ದೆಂದು ಘೋಷಿಸುವ ಉತ್ಸಾಹ ನಮ್ಮಲ್ಲಿದೆ. ಕುರುಗೋಡು 12ನೆಯ ಶತಮಾನದಲ್ಲಿ ಸಿಂದರ ರಾಜಧಾನಿಯಾಗಿದ್ದ ಊರು. ಅಲ್ಲಿ ಕೆತ್ತಿದ ಕಲ್ಲಿಗೆ ಬರವಿಲ್ಲ. ಇಂಥ ಊರಿನಲ್ಲಿ ಪಾಳುಗುಡಿಯ ಕಲ್ಲು ಮನೆಯ ಅಡಿಪಾಯವನ್ನು ಸೇರುವುದು ಸಹಜ. ಒಂದು ಮನೆಯ ಬಾಗಿಲವಾಡ ಮತ್ತೊಂದು ಮನೆಗೆ ಹೋಗುವುದೂ ಸಹಜ. ಕೆತ್ತನೆಯು ಬಾಗಿಲಿನ ವಯಸ್ಸನ್ನು ಹೇಳೀತು; ಗೋಡೆಯ ವಯಸ್ಸನ್ನು ಹೇಳದು.

ಇಂಗ್ಲೆಂಡಿನ ವಿದ್ವಾಂಸರು ಈ ಪಾಠವನ್ನು ತಮ್ಮ ಹಳೆಯ ಮ್ಯಾನರ್ ಮನೆಗಳಿಂದ ಕಲಿತರು. ಮಧ್ಯಯುಗದ ಮ್ಯಾನರ್ ಮನೆಯ ಹೃದಯವೆಂದರೆ ಸೂರಿನವರೆಗೂ ತೆರೆದಿದ್ದ ಹಜಾರ. ನಡುವೆ ಬೆಂಕಿಯ ಗುಂಡಿ. ಹೊಗೆ ಸೂರಿನ ಸಂದಿನಿಂದ ಹೊರಕ್ಕೆ. ಮುಂದೆ ಇಟ್ಟಿಗೆಯ ಹೊಗೆಗೂಡು ಬಂದಿತು. ಹಜಾರದ ನಡುಮಟ್ಟಕ್ಕೆ ಅಟ್ಟ ಹಾಕಿ ಎರಡು ಅಂತಸ್ತು ಮಾಡಿದರು. 18ನೆಯ ಶತಮಾನದಲ್ಲಿ ಮುಂಗೋಡೆಗೆ ಹೊಸ ಇಟ್ಟಿಗೆಯ ಮುಖವನ್ನು ಹೊದಿಸಿದರು. ಒಡೆಯನ ವಂಶ ನಶಿಸಿ ಗೇಣಿದಾರನು ಸೇರಿಕೊಂಡ ಎಡೆಗಳಲ್ಲಿ ಮ್ಯಾನರ್ ಮನೆಯೇ ತೋಟದ ಮನೆಯಾಯಿತು. ಹೊರಗಿನಿಂದ ನೋಡಿದವನಿಗೆ ಇನ್ನೂರೈವತ್ತು ವರ್ಷದ ಮನೆ. ಅಟ್ಟ ಹತ್ತಿ ಹೊಗೆಯಿಂದ ಕಪ್ಪಾದ ತೊಲೆಗಳನ್ನು ನೋಡಿದವನಿಗೆ ಐನೂರು ವರ್ಷದ ಮನೆ. ಸಿರಿಲ್ ಫಾಕ್ಸ್ ಮತ್ತು ರಾಗ್ಲನ್ ಪ್ರಭು ಇವರು 1951ರಿಂದ 1954ರವರೆಗೆ ಪ್ರಕಟಿಸಿದ ಮನ್ಮತ್‌ಶೈರಿನ ಮನೆಗಳ ಅಧ್ಯಯನವೂ, ಎಂ. ಡಬ್ಲ್ಯು. ಬಾರ್ಲಿಯು 1961ರಲ್ಲಿ ಪ್ರಕಟಿಸಿದ ಗ್ರಂಥವೂ ಮುಖವನ್ನು ನಂಬದೆ ಒಡಲನ್ನು ಅಳೆಯುವ ಈ ಕ್ರಮವನ್ನು ನೆಲೆಗೊಳಿಸಿದವು.

ಎರಡನೆಯ ದೋಷ ಹೋಲಿಕೆಯ ಮಿತಿಮೀರುವುದು. ಗೌಡರ ಮನೆಯನ್ನು ನಮ್ಮ ನಾಡಿನ ಮ್ಯಾನರ್ ಮನೆಯೆಂದು ಕರೆಯಲು ಮನಸ್ಸು ಎಳೆಯುತ್ತದೆ. ಸಾದೃಶ್ಯಗಳೇನೋ ಉಂಟು. ಮ್ಯಾನರಿನ ಹಜಾರದಲ್ಲಿ ಒಡೆಯನ ನ್ಯಾಯಸಭೆ ಕೂಡುತ್ತಿತ್ತು; ಗೌಡರ ಪಡಸಾಲೆಯಲ್ಲಿ ಊರ ಪಂಚಾಯಿತಿ ಕೂಡುತ್ತಿತ್ತು. ಡೆವನ್ ಸೀಮೆಯ ಉದ್ದಮನೆಯಲ್ಲಿ ಕೆಳಬದಿಗೆ ದನ, ಮೇಲುಬದಿಗೆ ಜನ, ನಮ್ಮಲ್ಲಿಯೂ ಅಂತೆಯೇ. ಆದರೆ ಆಕಾರ ಒಂದಾದ ಮಾತ್ರಕ್ಕೆ ಕಾರಣ ಒಂದಲ್ಲ. ಡೆವನ್ನಿನ ರೈತನು ದನವನ್ನು ಒಳಗೆ ಕಟ್ಟಿದ್ದು ಚಳಿಗೂ ಜಡಿಮಳೆಗೂ ಅಂಜಿ. ಬಳ್ಳಾರಿಯ ಬಿಸಿಲಿನಲ್ಲಿ ಚಳಿಯ ಮಾತೆಲ್ಲಿ? ಎತ್ತೇ ಬಂಡವಾಳವಾಗಿದ್ದ ಒಣಬೇಸಾಯದ ಸೀಮೆಯಲ್ಲಿ, ದಂಡು ದಾಳಿಗಳು ಹಾಯುತ್ತಿದ್ದ ದಾರಿಯಲ್ಲಿ, ದಂಡಿನವನು ಮೊದಲು ಅಟ್ಟಿಕೊಂಡು ಹೋಗುವುದು ಎತ್ತನ್ನೇ. ಕಿಟಕಿಯಿಲ್ಲದ ಗೋಡೆ, ದಿಡ್ಡಿ ಬಾಗಿಲು, ಹುಡೇವು, ಒಳಗೆ ಕಟ್ಟಿದ ದನ ಈ ನಾಲ್ಕನ್ನೂ ಒಟ್ಟಿಗೆ ಓದಿದರೆ ಮಾತ್ರ ಅರ್ಥವಾಗುತ್ತದೆ.

ಅದಕ್ಕಿಂತ ಮುಖ್ಯವಾದ ಭೇದ ಹಕ್ಕಿನದು. ಮ್ಯಾನರಿನ ಒಡೆಯನು ಭೂಮಿಯ ಒಡೆಯ. ಇಲ್ಲಿಯ ಗೌಡನು ಊರಿನ ಕಂದಾಯಕ್ಕೆ ಹೊಣೆಗಾರ, ರೈತರಲ್ಲಿ ಮೊದಲಿಗ. 1800ರ ಒಪ್ಪಂದದಿಂದ ನಿಜಾಮನು ಈ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟನು. ಥಾಮಸ್ ಮನ್ರೋ 1807ರವರೆಗೆ ಇದರ ಮುಖ್ಯ ಕಲೆಕ್ಟರನಾಗಿದ್ದನು. ಪಾಳೆಯಗಾರರ ಬಲವನ್ನು ಮುರಿದು, ಹೊಲಗಳನ್ನು ಅಳೆಯಿಸಿ, ಸರ್ಕಾರವು ರೈತನೊಡನೆ ನೇರವಾಗಿ ವ್ಯವಹರಿಸುವ ರೈತವಾರಿ ಪದ್ಧತಿಯನ್ನು ಅವನು ಇಲ್ಲಿ ರೂಪಿಸಿದನು. ಆಗ ಕೋಟೆಗಳು ಬಿದ್ದವು. ಗೌಡರ ಮನೆಗಳು ಉಳಿದವು, ಏಕೆಂದರೆ ಕಂದಾಯ ಎತ್ತಲು ಹೊಸ ಸರ್ಕಾರಕ್ಕೂ ಗೌಡನು ಬೇಕಾಗಿದ್ದನು. ಆದುದರಿಂದ ಈ ಮನೆಗಳನ್ನು ಪಾಳೆಯಗಾರಿಕೆಯ ಅವಶೇಷಗಳೆಂದು ತಿಳಿಯುವುದಕ್ಕಿಂತ ರೈತವಾರಿಯ ಕಾಲದಲ್ಲಿ ಬಲಿತ ಕಟ್ಟಡಗಳೆಂದು ಪರೀಕ್ಷಿಸುವುದು ಲೇಸು.

ಬಳ್ಳಾರಿ ನಗರದ ದಂಡುಪ್ರದೇಶದಲ್ಲಿ ಆಂಗ್ಲರು ತಮಗಾಗಿ ಕಟ್ಟಿಕೊಂಡ ಮನೆಗಳನ್ನು ಇಲ್ಲಿ ನೆನೆಯಬಹುದು. ಅವರು ತಮ್ಮ ಊರಿನ ಮ್ಯಾನರ್ ಮನೆಯನ್ನು ಇಲ್ಲಿಗೆ ತರಲಿಲ್ಲ. ಬಂಗಾಳದ ಗುಡಿಸಲಿನಿಂದ ಹೆಸರನ್ನೂ ಪಡಸಾಲೆಯನ್ನೂ ಪಡೆದ ಬಂಗಲೆಯನ್ನು ತಂದರು. ಗೌಡರ ಮನೆ ಬೀದಿಗೆ ಗೋಡೆಯನ್ನು ತೋರಿಸಿ ಅಂಗಳವನ್ನು ಒಳಗೆ ಬಚ್ಚಿಟ್ಟುಕೊಂಡರೆ, ಬಂಗಲೆಯು ಅಂಗಳದ ನಡುವೆ ನಿಂತು ನಾಲ್ಕು ಕಡೆಗೂ ತೆರೆದುಕೊಂಡಿತು. ಅಂಜಿಕೆಯಿರುವವನ ಮನೆಗೂ, ಸಮೀಪದಲ್ಲಿಯೇ ಪಲ್ಟಣವಿರುವವನ ಮನೆಗೂ ಇರುವ ಅಂತರ ಇದು.

ಮೂರನೆಯ ದೋಷ, ಹಳ್ಳಿಯ ಮನೆ ಅನಾದಿಕಾಲದಿಂದ ಹೀಗೆಯೇ ಇದೆ ಎಂಬ ನಂಬಿಕೆ. ಡಬ್ಲ್ಯು. ಜಿ. ಹಾಸ್ಕಿನ್ಸ್ 1953ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, 1570ರಿಂದ 1640ರವರೆಗಿನ ಅವಧಿಯಲ್ಲಿ ಇಂಗ್ಲೆಂಡಿನ ಗ್ರಾಮಾಂತರವೇ ಹೊಸದಾಗಿ ಕಟ್ಟಲ್ಪಟ್ಟಿತೆಂದು ವಾದಿಸಿದನು. ಬೆಲೆ ಏರಿ ರೈತನ ಕೈಯಲ್ಲಿ ಹಣ ನಿಂತದ್ದು ಅದಕ್ಕೆ ಕಾರಣವೆಂದನು. 1977ರಲ್ಲಿ ಆರ್. ಮೇಷಿನ್ ಈ ವಾದವನ್ನು ಪುನರ್ವಿಮರ್ಶಿಸಿದನು. ಕಟ್ಟಡಗಳ ಅಲೆ ಒಂದಲ್ಲ, ಸೀಮೆ ಸೀಮೆಗೂ ಬೇರೆ ಬೇರೆ ಎಂಬುದು ಆ ಚರ್ಚೆಯಿಂದ ಸ್ಪಷ್ಟವಾಯಿತು. ನಮ್ಮ ಸೀಮೆಗೂ ಇದೇ ಪ್ರಶ್ನೆಯನ್ನು ಹಾಕಬಾರದೇಕೆ? 1861ರಿಂದ 1865ರವರೆಗೆ ಅಮೆರಿಕದ ಅಂತರ್ಯುದ್ಧದ ದೆಸೆಯಿಂದ ಹತ್ತಿಯ ಬೆಲೆ ಏರಿತು. ಬಳ್ಳಾರಿಯ ಎರೆಭೂಮಿ ಹತ್ತಿಯ ಭೂಮಿ. ಅದಾದ ಹತ್ತು ಹನ್ನೆರಡು ವರ್ಷಗಳಲ್ಲಿ, 1876-78ರಲ್ಲಿ, ಧಾತು ಈಶ್ವರ ಸಂವತ್ಸರಗಳ ಮಹಾಕ್ಷಾಮ ಬಂದು ಈ ಜಿಲ್ಲೆಯನ್ನು ಹಿಂಡಿತು. ಹತ್ತಿಯ ಹಣದಿಂದ ಎದ್ದ ಮನೆಗಳೆಷ್ಟು? ಕ್ಷಾಮದಲ್ಲಿ ಸತ್ತವರ, ಊರು ಬಿಟ್ಟವರ ಮನೆಗಳ ತೊಲೆ ಕಂಬಗಳು ಯಾರ ಪಡಸಾಲೆಯನ್ನು ಸೇರಿದವು? ಎರಡನೆಯ ಪ್ರಶ್ನೆ ಕಹಿಯಾದುದು. ಆದರೆ ಮೊದಲನೆಯದನ್ನು ಕೇಳುವವನು ಎರಡನೆಯದನ್ನು ಬಿಡುವಂತಿಲ್ಲ.

5

ಈ ಮನೆಗಳನ್ನು ಹೊಗಳುವಾಗ ನಾವು ಮರೆಯುವ ಮತ್ತೊಂದು ವಿಷಯವುಂಟು. ಗೌಡರ ಮನೆಯು ಎತ್ತರ ತಗ್ಗುಗಳ ಮನೆ. ಬೀದಿಗಿಂತ ಕಟ್ಟೆ ಎತ್ತರ, ದನದ ನೆಲಕ್ಕಿಂತ ಪಡಸಾಲೆ ಎತ್ತರ, ಪಡಸಾಲೆಗಿಂತ ದೇವರ ಮನೆ ಒಳಗು. ಪ್ರತಿಯೊಂದು ಮೆಟ್ಟಿಲೂ ಒಂದು ಗಡಿ. ಯಾರು ಕಟ್ಟೆಯ ಕೆಳಗೆ ನಿಲ್ಲಬೇಕು, ಯಾರು ಕಟ್ಟೆಯ ಮೇಲೆ ಕೂಡಬಹುದು, ಯಾರು ಪಡಸಾಲೆಯ ಕಂಬಕ್ಕೆ ಒರಗಬಹುದು ಎಂಬುದನ್ನು ಜಾತಿ ನಿರ್ಣಯಿಸುತ್ತಿತ್ತು. ಕಲ್ಲು ಸೀಳಿದ ಒಡ್ಡನೂ, ಮಣ್ಣು ಹೊತ್ತ ಕೂಲಿಯವನೂ, ರಾತ್ರಿಯೆಲ್ಲ ಕಾದ ತಳವಾರನೂ ತಾವು ಕಟ್ಟಿದ, ಕಾದ ಮನೆಯ ಎಷ್ಟು ಮೆಟ್ಟಿಲನ್ನು ಹತ್ತಬಹುದಾಗಿತ್ತು? ದೇವಾಲಯದ ನಕ್ಷೆ ಬರೆಯುವಾಗ ನವರಂಗ, ಸುಕನಾಸಿ, ಗರ್ಭಗೃಹಗಳನ್ನು ಗುರುತಿಸುವ ನಾವು ಮನೆಯ ನಕ್ಷೆಯಲ್ಲಿ ಈ ಗಡಿಗಳನ್ನೂ ಗುರುತಿಸಬೇಕು. ಅದಿಲ್ಲದ ನಕ್ಷೆ ಬಡಗಿಯ ನಕ್ಷೆಯಾದೀತು, ಇತಿಹಾಸಕಾರನ ನಕ್ಷೆಯಾಗದು.

ಕಾನೂನು ಈ ಮೆಟ್ಟಿಲುಗಳನ್ನು ಒಂದೊಂದಾಗಿ ಸಡಿಲಿಸಿತು. 1961ರ ಗ್ರಾಮಾಧಿಕಾರಗಳ ರದ್ದತಿ ಶಾಸನವು 1963ರಲ್ಲಿ ಜಾರಿಗೆ ಬಂದು ವಂಶಪಾರಂಪರ್ಯದ ಗೌಡಿಕೆ ಕೊನೆಗೊಂಡಿತು. 1974ರ ಭೂಸುಧಾರಣೆಯ ತಿದ್ದುಪಡಿ ಗೇಣಿಯ ಭೂಮಿಯನ್ನು ಉಳುವವನಿಗೆ ಕೊಟ್ಟಿತು. ಮನೆಯ ಹಿಂದಿದ್ದ ಅಧಿಕಾರವೂ ಆದಾಯವೂ ಹೋದ ಮೇಲೆ ಪಡಸಾಲೆ ಬರಿಯ ಪಡಸಾಲೆಯಾಯಿತು. ಅದಕ್ಕಾಗಿ ಕಣ್ಣೀರಿಡಬೇಕಾದ ಕಾರಣವಿಲ್ಲ. ಆದರೆ ಒಂದು ಅಧಿಕಾರ ಹೇಗೆ ನಡೆಯಿತೆಂಬುದರ ಸಾಕ್ಷ್ಯವನ್ನು, ಆ ಅಧಿಕಾರ ಅಳಿದ ಸಂತೋಷದಲ್ಲಿ, ನಾವೇ ಅಳಿಸಿಬಿಡುವುದು ವಿವೇಕವಲ್ಲ.

6

ಮನೆಯನ್ನು ಬದಲಿಸಿದ ಇನ್ನೊಂದು ಶಕ್ತಿ ನೀರು. ಸಿರುಗುಪ್ಪ, ದೇಶನೂರುಗಳಿಗೆ ವಿಜಯನಗರದ ಕಾಲದ ಕಾಲುವೆಗಳಿದ್ದರೂ ಅವು ಹೊಳೆಯ ದಂಡೆಯ ಪಟ್ಟಿಗೆ ಮಾತ್ರ ನೀರುಣಿಸುತ್ತಿದ್ದವು. 1953ರಲ್ಲಿ ತುಂಗಭದ್ರೆಯ ಅಣೆಕಟ್ಟಿನ ನೀರು ಹರಿಯತೊಡಗಿತು. ಅದೇ ವರ್ಷ ಅಕ್ಟೋಬರ್ 1ರಂದು ಬಳ್ಳಾರಿಯು ಮದ್ರಾಸಿನಿಂದ ಬೇರ್ಪಟ್ಟು ಮೈಸೂರು ರಾಜ್ಯವನ್ನು ಸೇರಿತು. ಎರಡನೆಯ ಘಟನೆಯನ್ನು ಕುರಿತು ನಾವು ಬಹಳ ಬರೆದಿದ್ದೇವೆ. ಮೊದಲನೆಯದು ಮನೆಯೊಳಗೆ ಮಾಡಿದ ಮಾರ್ಪಾಟನ್ನು ಕುರಿತು ಬರೆದುದು ಕಡಮೆ.

ಹಗೇವನ್ನೇ ನೋಡಬಹುದು. ಒಣನೆಲದಲ್ಲಿ ಆಳವಾಗಿ ತೋಡಿ, ಒಳಮೈಗೆ ಹುಲ್ಲು ಕೊಟ್ಟು, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ಕಾಳು ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಒಳಗಿನ ಗಾಳಿಯಲ್ಲಿ ಪ್ರಾಣವಾಯು ತೀರಿ ಹುಳು ಬದುಕುತ್ತಿರಲಿಲ್ಲ. ತೆರೆದ ಕೂಡಲೆ ಇಳಿದ ಮನುಷ್ಯನಿಗೂ ಅಪಾಯವಿದ್ದುದರಿಂದ, ಬಾಯಿ ತೆರೆದು ಹೊತ್ತು ಕಾದು ಇಳಿಯುತ್ತಿದ್ದರು. ಬರದ ಸೀಮೆಯ ಬದುಕಿಗೆ ಇದೇ ಆಧಾರ. ಕಾಲುವೆಯ ನೀರು ಬಂದ ಎಡೆಗಳಲ್ಲಿ ನೆಲದ ತೇವ ಮೇಲೇರಿತು, ಹಗೇವು ಜಿನುಗತೊಡಗಿತು. ಜೋಳದ ಎಡೆಗೆ ಬತ್ತ ಬಂದಿತು, ಬತ್ತ ಗಿರಣಿಗೆ ಹೋಯಿತು. ಎರೆನೆಲ ನೀರುಂಡು ಉಬ್ಬಿ, ಬಿಸಿಲಿಗೆ ಸೀಳಿ, ಕೆಸರುಗಾರೆಯ ಗೋಡೆಯನ್ನು ಬುಡದಲ್ಲಿಯೇ ಅಲುಗಿಸಿತು. ಕೃಷ್ಣಾ ಗೋದಾವರಿಗಳ ಬಯಲಿನಿಂದ ಬಂದು ನೆಲೆಸಿದ ರೈತರ ಕ್ಯಾಂಪುಗಳು ಹೊಸ ಬಗೆಯ ಮನೆಗಳನ್ನು ತಂದವು. ಟ್ರ್ಯಾಕ್ಟರು ಬಂದು ಎತ್ತು ಹೋದ ಮೇಲೆ ಪಡಸಾಲೆಯ ಮುಂದಿನ ತಗ್ಗಿಗೆ ಅರ್ಥವಿಲ್ಲದಾಯಿತು. ಈಗ ಮಾಳಿಗೆಯ ಮಣ್ಣನ್ನು ಇಳಿಸುವುದು ಹೊಸ ಮಣ್ಣು ಹಾಕಲಿಕ್ಕಲ್ಲ, ಕಾಂಕ್ರೀಟಿನ ಸೂರು ಹಾಕಲಿಕ್ಕೆ. ಬೇಸಿಗೆಯಲ್ಲಿ ಆ ಸೂರಿನಡಿ ಬೇಯುವ ಮನೆಯವರೇ ಹಳೆಯ ಮಾಳಿಗೆಯ ತಂಪನ್ನು ನೆನೆಯುತ್ತಾರೆ. ಆದರೂ ವರ್ಷ ವರ್ಷವೂ ಮಣ್ಣು ಹೊರುವವರು ಯಾರು ಎಂಬ ಅವರ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿಲ್ಲ.

7

ಹಾಗಾದರೆ ಮಾಡಬೇಕಾದುದೇನು? ಸಂರಕ್ಷಣೆಯ ಶಾಸನಗಳು ಕೇಂದ್ರದಲ್ಲಿ 1958ರಿಂದಲೂ ರಾಜ್ಯದಲ್ಲಿ 1961ರಿಂದಲೂ ಇವೆ. ಆದರೆ ಜನ ವಾಸಿಸುವ ಮನೆಯನ್ನು ಸ್ಮಾರಕವೆಂದು ಸಾರಿದರೆ, ಅದನ್ನು ಈವರೆಗೆ ಬದುಕಿಸಿದ ವಾರ್ಷಿಕ ದುರಸ್ತಿಯೇ ಅನುಮತಿಯ ವಿಷಯವಾಗುತ್ತದೆ. ಪ್ರತಿ ಪೀಳಿಗೆಯೂ ಬದಲಿಸುತ್ತ ಬಂದುದನ್ನು ಒಂದು ದಿನದ ಸ್ಥಿತಿಯಲ್ಲಿ ನಿಲ್ಲಿಸುವುದು ಅದರ ಸ್ವಭಾವಕ್ಕೆ ವಿರುದ್ಧ. ಎಲ್ಲ ಮನೆಗಳನ್ನೂ ಉಳಿಸುವುದು ನಮ್ಮಿಂದಾಗದು. ಎಲ್ಲವನ್ನೂ ಅಳೆಯುವುದು ಆಗುವ ಮಾತು.

ಇದಕ್ಕೆ ಬೇಕಾದ ಲಿಖಿತ ಸಾಮಗ್ರಿಯೂ ದುರ್ಲಭವಲ್ಲ. ಕರ್ನಲ್ ಮೆಕೆಂಜಿಯ ಸಹಾಯಕರು ಸಂಗ್ರಹಿಸಿದ ಕೈಫಿಯತ್ತುಗಳು ಡಾ. ಎಂ. ಎಂ. ಕಲಬುರ್ಗಿಯವರ ಸಂಪಾದನೆಯಲ್ಲಿ ಕನ್ನಡ ಓದುಗರಿಗೆ ದೊರೆತಿವೆ. ಮನೆ, ಅಂಗಡಿ, ಮಗ್ಗಗಳ ಮೇಲೆ ವಿಧಿಸುತ್ತಿದ್ದ ಮೊಹತರ್ಫಾ ತೆರಿಗೆಯ ಲೆಕ್ಕಗಳು, ಇನಾಮು ಕಮಿಷನ್ನಿನ ದಾಖಲೆಗಳು, ಮನೆಮನೆಯ ಪೆಟ್ಟಿಗೆಯಲ್ಲಿರುವ ಪಾಲುಪತ್ರಗಳು ಇವನ್ನು ಗೋಡೆಯೊಡನೆ ಇಟ್ಟು ಓದಬೇಕು. ಪಾಲುಪತ್ರದಲ್ಲಿ ಅಣ್ಣತಮ್ಮಂದಿರು ಹಂಚಿಕೊಂಡ ಅಂಕಣಗಳ ಸಂಖ್ಯೆ ಇರುತ್ತದೆ. ಪಡಸಾಲೆಯ ನಡುವೆ ಎದ್ದಿರುವ ಅಡ್ಡಗೋಡೆ ಏತಕ್ಕೆಂಬುದನ್ನು ಅದು ಒಂದೇ ವಾಕ್ಯದಲ್ಲಿ ಹೇಳಿಬಿಡುತ್ತದೆ.

ನಮ್ಮ ಸ್ನಾತಕೋತ್ತರ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಇಂಥ ಹಳ್ಳಿಗಳಿಂದಲೇ ಬರುತ್ತಾರೆ. ಕೆಲವರು ಇಂಥ ಮನೆಗಳಿಂದ, ಹಲವರು ಇಂಥ ಮನೆಗಳ ಕಟ್ಟೆಯ ಕೆಳಗೆ ನಿಂತವರ ಮನೆಗಳಿಂದ. ಪ್ರತಿಯೊಬ್ಬರೂ ರಜೆಯಲ್ಲಿ ತಮ್ಮ ಊರಿನ ಎರಡು ಮನೆಗಳನ್ನು, ಗೌಡರದೊಂದು ಮತ್ತು ಕೂಲಿಯವರದೊಂದು, ಅಳೆದು ನಕ್ಷೆ ತೆಗೆಯಲಿ. ಗೋಡೆಯ ದಪ್ಪ, ಮರದ ಜಾತಿ, ನೆಲದ ಮಟ್ಟ, ದುರಸ್ತಿಯಾದ ವರ್ಷ, ಯಾರಿಗೆ ಎಲ್ಲಿಯವರೆಗೆ ಪ್ರವೇಶವಿತ್ತೆಂಬ ಹಿರಿಯರ ಹೇಳಿಕೆ ಇಷ್ಟನ್ನು ಬರೆದುಕೊಳ್ಳಲಿ. ಇದಕ್ಕೆ ಬೇಕಾದುದು ಒಂದು ಅಳತೆಯ ಪಟ್ಟಿ, ಒಂದು ದಪ್ಪ ಪುಸ್ತಕ, ಸ್ವಲ್ಪ ವಿನಯ. ಹತ್ತು ವರ್ಷ ಈ ಕೆಲಸ ನಡೆದರೆ, ಮೇಲೆ ಎತ್ತಿದ ಪ್ರಶ್ನೆಗಳಲ್ಲಿ ಕೆಲವಕ್ಕಾದರೂ ಊಹೆಯ ಬದಲು ಉತ್ತರ ದೊರೆಯುತ್ತದೆ. ನಡೆಯದಿದ್ದರೆ, ಮುಂದೊಂದು ದಿನ ಯಾರೋ ಬಂದು ಈ ಮನೆಗಳ ಕಂಬದ ಕುಳಿಗಳನ್ನು ಅಗೆದು ಹುಡುಕಬೇಕಾದೀತು. ಕಂಬ ಇನ್ನೂ ನಿಂತಿರುವಾಗಲೇ ಅಳೆಯುವುದು ಸುಲಭ.